ತುಂಬೆಯ ಮಟ್ಟ ಗೊತ್ತು, ಪಕ್ಕದ ಮನೆ ಬಾವಿಯದ್ದು?

ಏಪ್ರಿಲ್ ಬಂತೆಂದರೆ ಮಂಗಳೂರಿನವರ ಬಾಯಲ್ಲಿ ಒಂದೇ ಪ್ರಶ್ನೆ. ತುಂಬೆಯಲ್ಲಿ ಇವತ್ತು ಎಷ್ಟು ಮೀಟರ್? ನೇತ್ರಾವತಿಗೆ ಅಡ್ಡ ಕಟ್ಟಿದ ಆ ಕಿಂಡಿ ಅಣೆಕಟ್ಟಿನಲ್ಲಿ 6 ಮೀಟರ್ ಇದ್ದರೆ ಚಿಂತೆಯಿಲ್ಲ. ಇಳಿಯುತ್ತಾ ಹೋದರೆ ಪೇಪರಿನಲ್ಲಿ ಫೋಟೊ, ಆಮೇಲೆ ಸಭೆ, ಕೊನೆಗೆ ರೇಷನಿಂಗ್. 2019ರಲ್ಲಿ ಹೀಗಾಯಿತು, 2023ರಲ್ಲಿ ಮತ್ತೆ ಆಯಿತು. ಉಡುಪಿಯ ಕಥೆಯೂ ಬೇರೆಯಲ್ಲ. 2019ರ ಬೇಸಿಗೆಯಲ್ಲಿ ಸ್ವರ್ಣಾ ನದಿಯ ಹೊಂಡಗಳಲ್ಲಿ ಉಳಿದಿದ್ದ ನೀರನ್ನು ಪಂಪ್ ಹಾಕಿ ಬಜೆ ಅಣೆಕಟ್ಟಿನ ಕಡೆಗೆ ಹಾಯಿಸಬೇಕಾಯಿತು.

ಮಂಗಳೂರಿಗೆ ದಿನಕ್ಕೆ ಸುಮಾರು 16 ಕೋಟಿ ಲೀಟರ್ ನೀರು ಬೇಕು. ಅದಕ್ಕೆಲ್ಲ ಒಂದೇ ನದಿ ಆಧಾರ. ಹಾಗಾಗಿ ತುಂಬೆಯ ಮೇಲೆ ಎಲ್ಲರ ಕಣ್ಣು ಇರುವುದು ಸಹಜ. ಆದರೆ ಇದೇ ಊರಿನಲ್ಲಿ ಹಳೇ ಮನೆ ಅಂದರೆ ಅಂಗಳದಲ್ಲೊಂದು ಬಾವಿ ಇರಲೇಬೇಕು. ನಿಮ್ಮ ವಾರ್ಡಿನ ಬಾವಿಗಳಲ್ಲಿ ಈಗ ಎಷ್ಟು ನೀರಿದೆ ಅಂತ ಕೇಳಿ ನೋಡಿ. ಪಾಲಿಕೆಗೂ ಗೊತ್ತಿಲ್ಲ, ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಕೊಡಪಾನದ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕುವಾಗಲೋ, ಪಂಪು ಗಾಳಿ ಎಳೆಯುವಾಗಲೋ ಅಷ್ಟೇ ನಮಗೆ ನೆನಪಾಗುವುದು.

ಮಳೆ ಕಡಿಮೆ ಅಂತ ಮಾತ್ರ ಹೇಳುವಂತಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಎಂದು ಸ್ವಲ್ಪ ಕೈ ಹಿಡಿದೇ ಲೆಕ್ಕ ಹಾಕೋಣ. 1,000 ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಅದರ ಮೇಲೆ ಬೀಳುವುದು 3 ಲಕ್ಷದ 25 ಸಾವಿರ ಲೀಟರ್. ಐದರಲ್ಲೊಂದು ಪಾಲು ನಷ್ಟವಾಯಿತು ಅಂದರೂ 2 ಲಕ್ಷದ 60 ಸಾವಿರ ಉಳಿಯುತ್ತದೆ. ನಗರದಲ್ಲಿ ತಲಾ 135 ಲೀಟರ್ ಎಂಬ ಸರ್ಕಾರಿ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾದದ್ದು 2 ಲಕ್ಷಕ್ಕಿಂತ ತುಸು ಕಡಿಮೆ. ಅಂದರೆ ಮಾಡಿಗೆ ಬಿದ್ದದ್ದೇ ಜಾಸ್ತಿ! ತೊಂದರೆ ಏನೆಂದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅಷ್ಟನ್ನು ಮೇ ತನಕ ಇಡುವ ಟ್ಯಾಂಕು ಯಾರ ಮನೆಯಲ್ಲೂ ಇಲ್ಲ. ಇಡಬೇಕಾದರೆ ನೆಲದೊಳಗೇ ಇಡಬೇಕು.

ಈ ನೆಲದ ಸ್ವಭಾವವೇ ಬೇರೆ. ನಮ್ಮ ಗುಡ್ಡೆಗಳೆಲ್ಲ ಮುರಕಲ್ಲು. ಬ್ರಿಟಿಷರ ಕಾಲದ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡು, 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಕಲ್ಲು ಇದೇ. ಮೈಯೆಲ್ಲ ತೂತು. ಸುರಿದ ಮಳೆ ಸಲೀಸಾಗಿ ಒಳಗಿಳಿಯುತ್ತದೆ. ಆದರೆ ಕೆಳಗೆ ಜೇಡಿಮಣ್ಣಿನ ಪದರ ಸಿಕ್ಕಿದ ಕೂಡಲೇ ನೀರಿಗೆ ಮುಂದೆ ದಾರಿಯಿಲ್ಲ. ಅದು ಅಡ್ಡಕ್ಕೆ ತಿರುಗಿ, ಇಳಿಜಾರು ಹಿಡಿದು, ಗುಡ್ಡೆಯ ಬುಡದಲ್ಲಿ ಒಸರಾಗಿ ಹೊರಗೆ ಬರುತ್ತದೆ. ಕದ್ರಿ ದೇವಸ್ಥಾನದ ಹಿಂದೆ ಗೋಮುಖದಿಂದ ಬೀಳುವ ನೀರನ್ನು ನೋಡಿದ್ದೀರಲ್ಲ, ಗುಡ್ಡೆ ಕುಡಿದ ನೀರು ಹೊರಬರುವ ದಾರಿ ಅಂಥದ್ದು. ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರು. ಗುಡ್ಡೆಯ ಮೇಲಿನ ತಗ್ಗುಗಳಲ್ಲಿ ಮದಕ ಕಟ್ಟಿ ನೀರು ನಿಲ್ಲಿಸಿದರು, ಗುಡ್ಡೆಯ ಪಕ್ಕೆಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ತಂದರು. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಹಾರೆ ಹಿಡಿದು ಸುರಂಗ ಕೊರೆದು ಬೋಳುಗುಡ್ಡೆಯಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದ್ದರಿಂದ ಗುಡ್ಡೆಯ ಮೇಲಿನ ಮನೆಯವರು ಇಂಗಿಸಿದ ನೀರು ಅವರ ಬಾವಿಯಲ್ಲೇ ಕೂತಿರುವುದಿಲ್ಲ. ಕೆಳಗಿನ ಬೈಲಿನ ಮನೆಯ ಬಾವಿಗೆ ಹೋಗುತ್ತದೆ. ಮೇಲೆ ಅಪಾರ್ಟ್‌ಮೆಂಟ್ ಕಟ್ಟಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದರೆ ಒಣಗುವುದೂ ಕೆಳಗಿನವರ ಬಾವಿಯೇ. ಬಾವಿ ಖಾಸಗಿ ಇರಬಹುದು, ಒಳಗಿನ ನೀರು ಇಡೀ ಗುಡ್ಡೆಗೆ ಸೇರಿದ್ದು. ನೀರಿನ ವಿಷಯದಲ್ಲಿ ಜನರೂ ಕೈಜೋಡಿಸಬೇಕು ಅಂತ ಭಾಷಣಗಳಲ್ಲಿ ಸುಮ್ನೆ ಹೇಳಿಬಿಡುತ್ತಾರೆ. ನನ್ನ ಪ್ರಕಾರ ಅದಕ್ಕೆ ನಿಜವಾದ ಕಾರಣ ಈ ಕಲ್ಲಿನಲ್ಲೇ ಇದೆ.

ಕಡಲಿನ ಹತ್ತಿರ ಇರುವವರಿಗೆ ಇನ್ನೊಂದು ಲೆಕ್ಕವಿದೆ. ಬೆಂಗ್ರೆ, ಉಳ್ಳಾಲ, ಮಲ್ಪೆಯಂಥ ಕಡೆ ಮರಳಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಉಪ್ಪುನೀರು ತೂಕದಲ್ಲಿ ಶೇಕಡಾ 2.5ರಷ್ಟು ಮಾತ್ರ ಹೆಚ್ಚು. ಅಷ್ಟು ಸಣ್ಣ ವ್ಯತ್ಯಾಸದ ಫಲ ದೊಡ್ಡದು: ಸಮುದ್ರಮಟ್ಟಕ್ಕಿಂತ ಮೇಲೆ 1 ಅಡಿ ಸಿಹಿನೀರಿದ್ದರೆ ಕೆಳಗೆ 40 ಅಡಿ ಸಿಹಿನೀರು ಇರುತ್ತದೆ. ಗೈಬೆನ್–ಹರ್ಜ್‌ಬರ್ಗ್ ಸೂತ್ರ ಎನ್ನುತ್ತಾರೆ. ಇದನ್ನೇ ತಿರುಗಿಸಿ ಓದಿ. ಬಾವಿಯ ಮಟ್ಟ 1 ಅಡಿ ಇಳಿದು ಹಾಗೇ ನಿಂತರೆ, ತಳದಿಂದ ಉಪ್ಪುನೀರು 40 ಅಡಿ ಏರಿ ಬರಲು ದಾರಿಯಾಯಿತು. ಇದು ಪುಸ್ತಕದ ಲೆಕ್ಕ. ನಡುವೆ ಜೇಡಿಯೋ ಕಲ್ಲೋ ಇದ್ದರೆ ಬದಲಾಗುತ್ತದೆ. ಆದರೂ ಕಡಲ ಬದಿಯಲ್ಲಿ ದೊಡ್ಡ ಪಂಪು ಕೂರಿಸುವ ಮುಂಚೆ ಯೋಚಿಸಬೇಕು ಅಲ್ವಾ?

ಹಾಗಾದರೆ ಅಳೆಯೋಣ. ಕೇಂದ್ರೀಯ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ 4 ಸಲ ನೋಡುತ್ತದೆ: ಜನವರಿ, ಮಳೆಗಾಲಕ್ಕೆ ಮೊದಲು, ಆಗಸ್ಟ್ ಮತ್ತು ನವೆಂಬರ್. ದೇಶದ ಮಟ್ಟಕ್ಕೆ ಅದು ಸರಿ. ಆದರೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕೈಗೆಟುಕುವ ಹಾಗೆ ತುಂಬಿ, ಮಳೆ ನಿಂತ ಮೇಲೆ ಸರಸರನೆ ಇಳಿಯುವ ಮುರಕಲ್ಲಿನ ಬಾವಿಗೆ ವಾರಕ್ಕೊಂದು ಅಳತೆಯಾದರೂ ಬೇಕು. ಅಷ್ಟು ಸಲ ಬರಲು ಯಾವ ಇಲಾಖೆಗೂ ಆಗದು, ಮನೆಯವರಿಗೆ ಆಗುತ್ತದೆ.

ಖರ್ಚೂ ಇಲ್ಲ. ಬಾವಿಕಟ್ಟೆಯ ಮೇಲೆ ಪೇಂಟಿನಿಂದ ಒಂದು ಗುರುತು ಹಾಕಿ. ಯಾವತ್ತೂ ಅಲ್ಲಿಂದಲೇ ಅಳೆಯಿರಿ. ಬೆಳಿಗ್ಗೆ ಪಂಪು ಹಾಕುವ ಮೊದಲು ಅಳೆಯುವುದು ಒಳ್ಳೆಯದು, ರಾತ್ರಿಯಿಡೀ ಊರಿದ ನೀರು ಆಗ ನಿಂತಿರುತ್ತದೆ. ಉದ್ದದ ಸ್ಟೀಲ್ ಟೇಪಿನ ತುದಿಗೆ ಒಂದು ಭಾರ ಕಟ್ಟಿ, ಕೊನೆಯ 1 ಮೀಟರಿಗೆ ಶಾಲೆಯ ಚಾಕ್ ಉಜ್ಜಿ ಇಳಿಸಿ. ತುದಿ ನೀರಿಗೆ ಮುಳುಗಿತು ಎಂದಾಗ ಕಟ್ಟೆಯ ಗುರುತಿಗೆ ಸರಿಯಾಗಿ ಟೇಪಿನ 9 ಮೀಟರ್ ಗೆರೆ ಹಿಡಿದಿರಿ ಅಂದುಕೊಳ್ಳಿ. ಮೇಲೆತ್ತಿದಾಗ ಚಾಕ್ 32 ಸೆಂಟಿಮೀಟರಿನವರೆಗೆ ಒದ್ದೆಯಾಗಿ ಕಪ್ಪಾಗಿದೆ. ಕಳೆದರೆ, ಕಟ್ಟೆಯ ಗುರುತಿನಿಂದ ನೀರಿನ ಮಟ್ಟ 8.68 ಮೀಟರ್ ಕೆಳಗಿದೆ. ಅಂತರ್ಜಲ ತಜ್ಞರೂ ಬಳಸುವ ವಿಧಾನವೇ ಇದು.

ಒಂದು ಬಾವಿಯ ಅಂಕಿಯನ್ನು ಇನ್ನೊಂದರ ಜತೆ ಹೋಲಿಸಿ ನನ್ನದೇ ಆಳ ಎಂದು ಬೇಸರ ಮಾಡಿಕೊಳ್ಳಬೇಡಿ. ಗುಡ್ಡೆಯದ್ದು ಆಳವೇ, ಬೈಲಿನದ್ದು ಮೇಲೆಯೇ. ನೋಡಬೇಕಾದದ್ದು ವಾರಕ್ಕೆ ಎಷ್ಟು ಇಳಿಯಿತು ಎಂಬುದನ್ನು. ಒಂದು ರಸ್ತೆಯ ಹತ್ತು ಬಾವಿಗಳ ಇಳಿತವನ್ನು ಒಟ್ಟಿಗೆ ಬರೆದಿಟ್ಟರೆ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಬೋರ್‌ವೆಲ್ ಶುರುವಾದ ಮೇಲೆ ಸುತ್ತಲಿನವು ಬೇಗ ಇಳಿದವು ಎಂಬುದಕ್ಕೆ ಸುಳಿವು ಸಿಗುತ್ತದೆ. ಅವಿಭಜಿತ ಆಂಧ್ರಪ್ರದೇಶದ 7 ಬರಪೀಡಿತ ಜಿಲ್ಲೆಗಳಲ್ಲಿ ರೈತರು 2003ರ ನಂತರ ಇದನ್ನೇ ಮಾಡಿದರು. ಮಳೆ ಮತ್ತು ಬೋರ್‌ವೆಲ್ ಮಟ್ಟ ತಾವೇ ಅಳೆದು, ಹಿಂಗಾರಿಗೆ ಮೊದಲು ಊರಿನ ನೀರಿನ ಬಜೆಟ್ ಹಾಕಿ, ಆಮೇಲೆ ಬೆಳೆ ನಿರ್ಧರಿಸುತ್ತಿದ್ದರು.

ಇಂಗುಗುಂಡಿ ಎಲ್ಲಿ ತೋಡಬೇಕು ಎಂಬುದಕ್ಕೂ ಈ ಅಳತೆ ಬೇಕು. ಕಡಿದಾದ ಬರೆಯ ಅಂಚಿನಲ್ಲಿ ಗುಂಡಿ ತೋಡಿ ನೀರು ಬಿಟ್ಟರೆ, ಜೇಡಿ ನೆನೆದು ಗುಡ್ಡೆಯೇ ಜಾರಬಹುದು. ಬರೆ ಕುಸಿದು ಮನೆ ಹೋಗುವುದನ್ನು ನಾವು ಮಳೆಗಾಲದಲ್ಲಿ ನೋಡುತ್ತಲೇ ಇದ್ದೇವೆ. ಅಂಥ ಕಡೆ ಮಾಡಿನ ನೀರನ್ನು ಸೋಸಿ ಇರುವ ಬಾವಿಗೇ ಬಿಡುವುದು ವಾಸಿ. ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ 2008ರಲ್ಲಿ ಶುರುವಾದ ಮಳಪೊಲಿಮ ಯೋಜನೆ ಮಾಡಿದ್ದು ಅದನ್ನೇ. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲಿ. ಆಮೇಲಿನದನ್ನು ಮರಳು, ಜಲ್ಲಿಯಲ್ಲಿ ಸೋಸಿದರೆ ಸಾಕು.

ಸೋಸಿದ್ದಷ್ಟಕ್ಕೇ ಕುಡಿಯಬಹುದು ಎಂದಲ್ಲ. ಪಕ್ಕದಲ್ಲೇ ಶೌಚಗುಂಡಿ ಇರುತ್ತದೆ, ಮುರಕಲ್ಲಿನ ತೂತು ಅದರ ನೀರನ್ನೂ ಬಿಟ್ಟುಕೊಡುತ್ತದೆ. ಮಲದ ಸೋಂಕು ಕಂಡುಹಿಡಿಯಲು ಒಂದು ಸುಲಭದ ಬಾಟಲಿ ಪರೀಕ್ಷೆಯಿದೆ. ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ್ದು. ಒಳಗೆ ರಾಸಾಯನಿಕ ಹಚ್ಚಿದ ಕಾಗದವಿರುವ ಆ ಬಾಟಲಿಯಲ್ಲಿ ನೀರು ತುಂಬಿಸಿ ಇಡಿ, ಒಂದೆರಡು ದಿನದಲ್ಲಿ ಕಪ್ಪಾದರೆ ಸಂಶಯಪಡಿ, ಕುದಿಸಿ ಕುಡಿಯಿರಿ. ಮಾತಿಗೆ ಹೇಳುವುದಾದರೆ, ಗುಡ್ಡೆಯ ಬಾವಿನೀರು ಸಾಮಾನ್ಯವಾಗಿ ಮೆದು. ಲವಣ ತೆಗೆಯಲೆಂದೇ ಇರುವ ಆರ್‌ಒ ಯಂತ್ರಕ್ಕೆ ಅದರಲ್ಲಿ ದೊಡ್ಡ ಕೆಲಸವಿಲ್ಲ. ಆದರೂ ಕೊಂಡು, ಸಿಂಕಿನ ಕೆಳಗೆ ಒಳ್ಳೆಯ ನೀರನ್ನು ಹರಿಯಬಿಡುತ್ತೇವೆ.

ಬರೆದಿಟ್ಟ ಅಂಕಿಗಳನ್ನು ಯಾರ ಮುಂದೆ ಇಡುವುದು? ಜನಸಂಖ್ಯೆ 3 ಲಕ್ಷ ದಾಟಿದ ನಗರಗಳಿಗೆ ವಾರ್ಡ್ ಸಮಿತಿ ಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಮಂಗಳೂರು ಇದರಲ್ಲಿ ಬರುತ್ತದೆ. ಉಡುಪಿ ಚಿಕ್ಕದು, ಈ ವಿಧಿಯಡಿ ಅಲ್ಲಿ ಕಡ್ಡಾಯವಿಲ್ಲ. ಆದರೂ ಬಡಾವಣೆಯ ಸಂಘಗಳು ಮಾಡಬಾರದೆಂದಿಲ್ಲವಲ್ಲ. ಖಾಲಿ ಕೊಡ ಹಿಡಿದು ಪ್ರತಿಭಟನೆಗೆ ಹೋದರೆ ಟ್ಯಾಂಕರ್ ಬರುತ್ತದೆ, ಮುಂದಿನ ಏಪ್ರಿಲ್‌ನಲ್ಲಿ ಮತ್ತದೇ. ನವೆಂಬರಿನ ಸಭೆಗೆ ಬಾವಿಗಳ ಪಟ್ಟಿ ಒಯ್ದರೆ, ಯಾವ ಮುಚ್ಚಿದ ಬಾವಿ ತೆರೆಸಬೇಕು, ಯಾವ ಬೀದಿಗೆ ಬೇಸಿಗೆಯಲ್ಲಿ ನಳ್ಳಿ ನೀರು ಜಾಸ್ತಿ ಬೇಕು ಎಂದು ಗಟ್ಟಿಯಾಗಿ ಕೇಳಬಹುದು. ಬಾವಿ ಇರುವವರು ತೋಟಕ್ಕೆ, ಬಟ್ಟೆ ಒಗೆಯುವುದಕ್ಕೆ ಬಾವಿನೀರೇ ಬಳಸಿದರೆ ಆ ಪಾಲಿನ ತುಂಬೆ ನೀರು ಬಾವಿ ಇಲ್ಲದ ಬಾಡಿಗೆ ಮನೆಗಳಿಗೆ ಉಳಿಯುತ್ತದೆ.

ಮೊದಲ ಅಳತೆಗೆ ಪತ್ತನಾಜೆಯ ವಾರ ಒಳ್ಳೆಯದು, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ವಾರ. ವರ್ಷದಲ್ಲಿ ನೀರು ತೀರಾ ಕೆಳಗಿರುವ ಹೊತ್ತದು. ಬಾವಿಯ ಕೆಸರು ತೆಗೆಯುವವರು ಹೇಗೂ ಆಗಲೇ ಇಳಿಯುತ್ತಾರೆ. ಟೇಪಿನ ಒಂದು ತುದಿಯನ್ನು ಅವರ ಕೈಗೆ ಕೊಟ್ಟರೆ ತಳದವರೆಗಿನ ಆಳವೂ ಸಿಕ್ಕಿಬಿಡುತ್ತದೆ.