ವಯಸ್ಸಿನ ಗುರುತು, ಕತ್ತರಿಯ ಕೆಲಸ: ಸಿನಿಮಾ ಪ್ರಮಾಣಪತ್ರದ ನೂರು ವರ್ಷ

ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಕೆಲವು ಸೆಕೆಂಡು ನಿಲ್ಲುವ ಪ್ರಮಾಣಪತ್ರವನ್ನು ಓದುವವರು ಕಡಿಮೆ. ‘ಯು’ (ಎಲ್ಲರಿಗೂ), ‘ಯು/ಎ’ (ಮಕ್ಕಳ ವಿಷಯ ಪಾಲಕರ ವಿವೇಚನೆಗೆ), ‘ಎ’ (ವಯಸ್ಕರಿಗೆ ಮಾತ್ರ) ಎಂಬ ಹಳೆಯ ಗುರುತುಗಳ ಜೊತೆಗೆ ಈಗ ಅದರಲ್ಲಿ 7+, 13+, 16+ ಎಂಬ ಅಂಕಿಗಳೂ ಸೇರಿವೆ. ಅದೇ ಚಿತ್ರ ತಿಂಗಳೆರಡು ತಿಂಗಳಲ್ಲಿ ಮೊಬೈಲಿಗೆ ಬಂದಾಗ ಅದಕ್ಕೆ ಗುರುತು ಕೊಡುವವರೇ ಬೇರೆ. ಟಿವಿಗೆ ಬರುವಾಗ ಚಿತ್ರದ ಉದ್ದವೇ ಬದಲಾಗಿರಬಹುದು. ಹೊಡೆದಾಟ ಎಷ್ಟಿರಬೇಕು, ಹಾಸಿಗೆಯ ದೃಶ್ಯ ಎಷ್ಟು ಹೊತ್ತು ಇರಬೇಕು ಎಂಬ ಜಗಳ ಪ್ರತಿ ದೊಡ್ಡ ಚಿತ್ರದ ಬಿಡುಗಡೆಯ ವಾರದಲ್ಲಿ ಏಳುತ್ತದೆ, ಮುಂದಿನ ಶುಕ್ರವಾರದ ಹೊತ್ತಿಗೆ ಮರೆತುಹೋಗುತ್ತದೆ.

ಈ ಗೊಂದಲದ ಮೂಲದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಚಿತ್ರ ಯಾವ ವಯಸ್ಸಿನವರಿಗೆ ತಕ್ಕದ್ದು ಎಂದು ಹೇಳುವುದು ಒಂದು. ಯಾರೂ ನೋಡಬಾರದ್ದನ್ನು ತೆಗೆದುಹಾಕುವುದು ಇನ್ನೊಂದು. ನಮ್ಮಲ್ಲಿ ಇವೆರಡನ್ನೂ ಒಂದೇ ಕಚೇರಿ ಒಂದೇ ಮೇಜಿನ ಮೇಲೆ ಮಾಡುತ್ತಾ ಬಂದಿದೆ.

ಆರಂಭದಲ್ಲಿ ವಯಸ್ಸಿನ ಪ್ರಶ್ನೆಯೇ ಇರಲಿಲ್ಲ. ಬ್ರಿಟಿಷ್ ಆಡಳಿತ 1918ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಂದಿತು. 1920ರಲ್ಲಿ ಬಾಂಬೆ, ಕಲ್ಕತ್ತಾ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಕೆಲಸ ಆರಂಭಿಸಿದವು. ಆಯಾ ನಗರದ ಪೊಲೀಸ್ ವ್ಯವಸ್ಥೆಯ ನೆರಳಿನಲ್ಲಿದ್ದ ಆ ಮಂಡಳಿಗಳಿಗೆ ದೊಡ್ಡ ಚಿಂತೆ ರಾಜಕೀಯದ್ದು. 1921ರ ‘ಭಕ್ತ ವಿದುರ’ದಲ್ಲಿ ವಿದುರನ ವೇಷ ಗಾಂಧೀಜಿಯನ್ನು ಹೋಲುತ್ತಿತ್ತೆಂಬ ಕಾರಣಕ್ಕೆ ಚಿತ್ರ ನಿಷೇಧಕ್ಕೊಳಗಾಯಿತು. ತುಟಿಗೆ ತುಟಿ ಸೇರಿಸುವ ದೃಶ್ಯಗಳು ಆ ಕಾಲದ ಚಿತ್ರಗಳಲ್ಲಿ ಇದ್ದವು. ನಾವು ‘ಸಂಪ್ರದಾಯ’ ಎಂದುಕೊಂಡಿರುವ ಮಡಿವಂತಿಕೆ ನಮ್ಮ ಪರದೆಗೆ ಬಂದದ್ದು ಆಮೇಲೆ.

ಸ್ವಾತಂತ್ರ್ಯ ಬಂದ ಮೇಲೆ, 1949ರ ತಿದ್ದುಪಡಿಯಲ್ಲಿ, ‘ಯು’ ಮತ್ತು ‘ಎ’ ಎಂಬ ಎರಡು ವರ್ಗಗಳು ಹುಟ್ಟಿದವು. 1951ರಲ್ಲಿ ಕೇಂದ್ರ ಮಂಡಳಿ ಸ್ಥಾಪನೆಯಾಯಿತು, 1952ರಲ್ಲಿ ಈಗಲೂ ಜಾರಿಯಲ್ಲಿರುವ ಕಾಯ್ದೆ ಬಂತು. ವಯಸ್ಸಿನ ಗುರುತು ಹುಟ್ಟಿದಾಗಲೇ ಕತ್ತರಿಗೆ ವಿದಾಯ ಹೇಳಬಹುದಿತ್ತು. ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಬರೆದ ಮೇಲೆ ಹದಿನೆಂಟು ತುಂಬಿದವನಿಂದ ಮುಚ್ಚಿಡುವುದೇನು? ಕಾನೂನು ಹಾಗೆ ಯೋಚಿಸಲಿಲ್ಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನೈತಿಕತೆ, ಅಪರಾಧಕ್ಕೆ ಪ್ರಚೋದನೆ ಮುಂತಾದ ಆಧಾರಗಳ ಮೇಲೆ ಯಾವ ಚಿತ್ರವನ್ನಾದರೂ ಕತ್ತರಿಸುವ ಇಲ್ಲವೇ ತಡೆಯುವ ಅಧಿಕಾರ ಮಂಡಳಿಗೆ ಉಳಿಯಿತು.

ಈ ಎರಡು ಅಧಿಕಾರಗಳು ಒಂದೇ ಕೈಯಲ್ಲಿದ್ದರೆ ಏನಾಗುತ್ತದೆಂಬುದಕ್ಕೆ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಪ್ರಕರಣಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ನಗರಗಳ ಬಡತನ ಮತ್ತು ಸಿರಿವಂತಿಕೆಯನ್ನು ಎದುರುಬದುರು ಇಟ್ಟು ಅವರು ಮಾಡಿದ ಕಿರು ಸಾಕ್ಷ್ಯಚಿತ್ರದಲ್ಲಿ ಬಾಂಬೆಯ ವೇಶ್ಯಾವಾಟಿಕೆಯ ಬೀದಿಯ ದೃಶ್ಯಗಳಿದ್ದವು. ಅವರು ಕೇಳಿದ್ದು ‘ಯು’. ಮಂಡಳಿ ಕೊಡಲು ಒಪ್ಪಿದ್ದು ‘ಎ’. ಮೇಲ್ಮನವಿ ಹೋದಾಗ ಸರ್ಕಾರ ಆ ಬೀದಿಯ ದೃಶ್ಯಗಳನ್ನು ತೆಗೆದರೆ ‘ಯು’ ಕೊಡಬಹುದೆಂದಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ನಡೆಯುವಾಗ, ಕಡಿತವಿಲ್ಲದೆಯೇ ‘ಯು’ ಕೊಡಲು ಸಿದ್ಧ ಎಂದಿತು. ಅಬ್ಬಾಸ್ ಅಷ್ಟಕ್ಕೆ ತೃಪ್ತರಾಗಲಿಲ್ಲ, ಅರ್ಜಿ ತಿದ್ದಿಸಿ, ಬಿಡುಗಡೆಗೆ ಮೊದಲೇ ಚಿತ್ರವನ್ನು ಪರಿಶೀಲಿಸುವ ಪೂರ್ವ ಸೆನ್ಸಾರ್ ಪದ್ಧತಿಯನ್ನೇ ಪ್ರಶ್ನಿಸಿದರು. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಪೂರ್ವ ಸೆನ್ಸಾರನ್ನು ಎತ್ತಿಹಿಡಿಯಿತು. ಲೈಂಗಿಕತೆ ಇದ್ದಮಾತ್ರಕ್ಕೆ ಅದು ಅಶ್ಲೀಲವಾಗದು ಎಂದೂ ಅದೇ ತೀರ್ಪು ಹೇಳಿತು. ಅದಕ್ಕೂ ಮುನ್ನ, 1969ರಲ್ಲಿ, ಸೆನ್ಸಾರ್ ಕುರಿತ ಜಿ.ಡಿ. ಖೋಸ್ಲಾ ಸಮಿತಿ ಕತೆಗೆ ಅಗತ್ಯವಿದ್ದಲ್ಲಿ, ಸೂಕ್ಷ್ಮವಾಗಿ ತೋರಿಸಿದಲ್ಲಿ, ಚುಂಬನಕ್ಕಾಗಲಿ ನಗ್ನತೆಗಾಗಲಿ ಅಡ್ಡಿ ಬೇಡವೆಂದು ಶಿಫಾರಸು ಮಾಡಿತ್ತು. ಆ ಮಾತು ವರದಿಯಲ್ಲೇ ಉಳಿಯಿತು.

ಕನ್ನಡಕ್ಕೆ ಈ ಬಿಸಿ ಮುಟ್ಟಿದ್ದು ಅದೇ 1970ರಲ್ಲಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶನದ ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಪ್ರಮಾಣಪತ್ರ ನಿರಾಕರಿಸಿತು. ಹೊಡೆದಾಟವಿಲ್ಲದ, ಮೈಮಾಟದ ಪ್ರದರ್ಶನವಿಲ್ಲದ ಚಿತ್ರ ಅದು. ಒಬ್ಬ ಕರ್ಮಠ ಆಚಾರ್ಯ ಮತ್ತು ಕೆಳಜಾತಿಯವಳೆನಿಸಿದ ಚಂದ್ರಿಯ ನಡುವೆ ಕಾಡಿನ ಕತ್ತಲಲ್ಲಿ ನಡೆದದ್ದು, ಆಮೇಲೆ ಆತನೊಳಗೆ ನಡೆದದ್ದು ಅದರ ವಸ್ತು. ಜಾತಿಯ ವಿಷಯದಲ್ಲಿ ಉದ್ವಿಗ್ನತೆ ಹುಟ್ಟೀತು ಎಂಬುದು ಅಡ್ಡಗಾಲಾಯಿತು. ಮೇಲಿನ ಹಂತದಲ್ಲಿ ತಡೆ ತೆರವಾಗಿ ಚಿತ್ರ ಬಿಡುಗಡೆಯಾದಾಗ ಯಾವ ಊರೂ ಹೊತ್ತಿ ಉರಿಯಲಿಲ್ಲ. ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು, ಕನ್ನಡಕ್ಕೆ ಅಂಥ ಗೌರವ ಮೊದಲ ಬಾರಿಗೆ ಸಂದಿತು. ಒಂದೇ ಸರ್ಕಾರದ ಒಂದು ಕೈ ತಡೆದದ್ದನ್ನು ಇನ್ನೊಂದು ಕೈ ಸನ್ಮಾನಿಸಿತು. ಕೆಡುಕಾದೀತು ಎಂಬ ಊಹೆಯನ್ನು ಯಾವ ಆಧಾರದ ಮೇಲೆ ಮಾಡಲಾಗುತ್ತದೆ ಎಂಬ ಪ್ರಶ್ನೆಯನ್ನು ಕನ್ನಡದ ಮಟ್ಟಿಗೆ ‘ಸಂಸ್ಕಾರ’ ಶಾಶ್ವತವಾಗಿ ಎತ್ತಿಟ್ಟಿತು.

ಹಿಂಸೆಯ ವಿಷಯದಲ್ಲಿ ಮಂಡಳಿಯ ಬಿಗಿತಕ್ಕೆ ಸಾಕ್ಷಿ ನಮ್ಮ ರಾಮನಗರದ ಬಂಡೆಗಳ ನಡುವೆಯೇ ಇದೆ. ಅಲ್ಲಿ ಚಿತ್ರೀಕರಣಗೊಂಡ ‘ಶೋಲೆ’ 1975ರ ಆಗಸ್ಟ್‌ನಲ್ಲಿ, ತುರ್ತು ಪರಿಸ್ಥಿತಿಯ ಮೊದಲ ತಿಂಗಳುಗಳಲ್ಲಿ, ತೆರೆಕಂಡಿತು. ಮೂಲದಲ್ಲಿ ಠಾಕೂರ್ ತನ್ನ ಕಾಲಿನಿಂದಲೇ ಗಬ್ಬರ್‌ನನ್ನು ಕೊಲ್ಲುತ್ತಾನೆ. ಮಾಜಿ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಳ್ಳುವುದು ಸಲ್ಲದೆಂಬ ಆಕ್ಷೇಪದಿಂದ ಅಂತ್ಯವನ್ನು ಬದಲಿಸಲಾಯಿತು. ಕೊನೆಯ ಗಳಿಗೆಯಲ್ಲಿ ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿಯುವ ದೃಶ್ಯವನ್ನೇ ನಾವೆಲ್ಲ ಐವತ್ತು ವರ್ಷ ನೋಡಿದೆವು. ಮೂಲ ಅಂತ್ಯವುಳ್ಳ ಪ್ರತಿ 2025ರಲ್ಲಿ ಇಟಲಿಯ ಬೊಲೊನ್ಯಾದ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಆ ಬದಲಾವಣೆಯಿಂದ ರಕ್ತವೇನೂ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಮಗುವನ್ನು ಗುಂಡಿಟ್ಟು ಕೊಲ್ಲುವುದು, ಕೈಗಳನ್ನು ಕಡಿಯುವುದು ಕತೆಯಲ್ಲಿ ಹಾಗೆಯೇ ಉಳಿದವು. ಆಕ್ಷೇಪವಿದ್ದದ್ದು ಕೊಲ್ಲುವ ಹಕ್ಕು ಯಾರದೆಂಬ ವಿಷಯದಲ್ಲಿ. ಮಕ್ಕಳ ಮನಸ್ಸಿನ ಹೆಸರಿನಲ್ಲಿ ನಡೆಯುವ ಚರ್ಚೆಯೊಳಗೆ ಆಡಳಿತದ ಗೌರವದ ಚಿಂತೆ ಹೀಗೆ ಸೇರಿಕೊಳ್ಳುತ್ತದೆ.

1981ರ ತಿದ್ದುಪಡಿ ಮತ್ತು 1983ರ ನಿಯಮಗಳು ಇಂದಿನ ವ್ಯವಸ್ಥೆಗೆ ರೂಪ ಕೊಟ್ಟವು. ಪಾಲಕರ ವಿವೇಚನೆಗೆ ಬಿಡುವ ‘ಯುಎ’ ವರ್ಗ, ವಿಶಿಷ್ಟ ವೃತ್ತಿಯವರಿಗೆ ‘ಎಸ್’ ವರ್ಗ, ದೆಹಲಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ, ಮಂಡಳಿಯ ಹೆಸರಿನಲ್ಲಿ ಸೆನ್ಸಾರ್ ಬದಲು ಪ್ರಮಾಣೀಕರಣ ಎಲ್ಲವೂ ಆಗ ಬಂದವು. ಚಿತ್ರವನ್ನು ಮೊದಲು ನೋಡುವುದು ಸಲಹಾ ಸದಸ್ಯರು ಮತ್ತು ಒಬ್ಬ ಅಧಿಕಾರಿ ಇರುವ ಪರಿಶೀಲನಾ ಸಮಿತಿ. ಒಪ್ಪಿಗೆಯಾಗದಿದ್ದರೆ ರಿವೈಸಿಂಗ್ ಕಮಿಟಿ. ಅಲ್ಲೂ ಆಗದಿದ್ದರೆ, 2021ರವರೆಗೆ, ನ್ಯಾಯಮಂಡಳಿ. ಕನ್ನಡ ಚಿತ್ರಗಳು ಈಗ ಮದರಾಸಿಗೆ ಹೋಗಬೇಕಿಲ್ಲ, ಬೆಂಗಳೂರಿನಲ್ಲೇ ಪ್ರಾದೇಶಿಕ ಕಚೇರಿ ಇದೆ.

ಆದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ಬಂದ ಮೇಲೂ ಒಂದು ತೊಡಕು ಉಳಿದಿತ್ತು. ಕಾಯ್ದೆಯ ಆರನೆಯ ಸೆಕ್ಷನ್ ಪ್ರಕಾರ ಮಂಡಳಿ ಒಪ್ಪಿದ ಚಿತ್ರವನ್ನೂ ಕೇಂದ್ರ ಸರ್ಕಾರ ಮತ್ತೆ ಕೈಗೆತ್ತಿಕೊಂಡು ತೀರ್ಮಾನ ಬದಲಿಸಬಹುದಿತ್ತು. ಇದನ್ನು ನ್ಯಾಯಾಲಯದ ಮುಂದೆ ತಂದವರು ‘ಮಾಡಿ ಮಡಿದವರು’ ಚಿತ್ರದ ನಿರ್ದೇಶಕ ಕೆ.ಎಂ. ಶಂಕರಪ್ಪ. 1990ರಲ್ಲಿ ಕರ್ನಾಟಕ ಹೈಕೋರ್ಟ್ ಆ ಅಧಿಕಾರ ಸಂವಿಧಾನಬಾಹಿರವೆಂದಿತು. ಕೇಂದ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. ಸುಪ್ರೀಂ ಕೋರ್ಟ್ 2000ದ ನವೆಂಬರ್‌ನಲ್ಲಿ ಕರ್ನಾಟಕದ ತೀರ್ಪನ್ನು ಎತ್ತಿಹಿಡಿಯಿತು. ಪರಿಣತರ ಸಂಸ್ಥೆ ಚಿತ್ರವನ್ನು ನೋಡಿ ಒಪ್ಪಿದ ಮೇಲೆ, ಗಲಾಟೆ ಆದೀತೆಂಬ ನೆಪದಲ್ಲಿ ಕಾರ್ಯಾಂಗ ಅದನ್ನು ಮೀರುವಂತಿಲ್ಲ, ಗಲಾಟೆಯಾಗದಂತೆ ನೋಡಿಕೊಳ್ಳುವುದೇ ಸರ್ಕಾರದ ಕೆಲಸ ಎಂಬುದು ಅದರ ತಿರುಳು. ಚಿತ್ರವೊಂದಕ್ಕೆ ಎಲ್ಲಿ ತಡೆ ಬಂದರೂ ವಕೀಲರು ಈ ತೀರ್ಪಿನತ್ತ ಕೈಚಾಚುತ್ತಾರೆ. ದೇಶದ ಚಿತ್ರರಂಗಕ್ಕೆ ಕನ್ನಡದ ನಿರ್ದೇಶಕರೊಬ್ಬರು ಗಳಿಸಿಕೊಟ್ಟ ಈ ರಕ್ಷಣೆ ಗಾಂಧಿನಗರದಲ್ಲೇ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ ಎಂಬುದು ಬೇಸರದ ಸಂಗತಿ. ನಮ್ಮ ಚಿತ್ರಶಾಲೆಗಳಲ್ಲಿ ಇದು ಪಾಠವಾಗಬೇಕಿತ್ತು.

ಕಾನೂನಿನ ಹೋರಾಟ ಹೀಗೆ ಸಾಗುತ್ತಿದ್ದಾಗ ಹಣದ ಲೆಕ್ಕ ಬೇರೆಯದೇ ದಾರಿ ಹಿಡಿಯಿತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಬೆಳಗಿನ ಆಟಕ್ಕೆಂದೇ ಬರುತ್ತಿದ್ದ ಕಾಮಪ್ರಚೋದಕ ಚಿತ್ರಗಳ ಜಾಹೀರಾತಿನಲ್ಲಿ ‘ಎ’ ಅಕ್ಷರ ದೊಡ್ಡದಾಗಿ ಮೆರೆಯುತ್ತಿತ್ತು. ಅದರಿಂದಾಗಿ ಪ್ರೌಢ ವಸ್ತುವಿನ ಗಂಭೀರ ಚಿತ್ರಕ್ಕೂ ‘ಎ’ ಸಿಕ್ಕರೆ ಕುಟುಂಬದವರು ಆ ಕಡೆ ಸುಳಿಯಲಾರರು ಎಂಬ ಭಯ ನಿರ್ಮಾಪಕರಲ್ಲಿ ನೆಲೆಯಾಯಿತು. 2006ರಲ್ಲಿ ಕೇಬಲ್ ಟಿವಿ ನಿಯಮ ಬದಲಾಗಿ ‘ಯು’ ಮತ್ತು ‘ಯುಎ’ ಚಿತ್ರಗಳಷ್ಟೇ ಟಿವಿಗೆ ಬರಬಹುದೆಂದಾಯಿತು. ಟಿವಿ ಹಕ್ಕಿನ ಹಣವೇ ಎಷ್ಟೋ ಕನ್ನಡ ಚಿತ್ರಗಳನ್ನು ಬದುಕಿಸುತ್ತಿದ್ದ ಕಾಲ ಅದು. ಅಲ್ಲಿಂದ ಮುಂದೆ ಕಡಿತ ಹೇರಿಕೆಯಾಗಿ ಉಳಿಯದೆ ಚೌಕಾಸಿಯಾಯಿತು. ಈ ಇರಿತ ತೆಗೆಯುತ್ತೇವೆ, ಆ ಬೈಗುಳಕ್ಕೆ ಮ್ಯೂಟ್ ಹಾಕುತ್ತೇವೆ, ‘ಯುಎ’ ಕೊಡಿ. ಅಬ್ಬಾಸ್ ಅವರಿಗೆ ಬಂದಿದ್ದ ಪ್ರಸ್ತಾಪವನ್ನು ಈಗ ನಿರ್ಮಾಪಕರೇ ಕೇಳಿಕೊಂಡು ಹೋಗುವಂತಾಯಿತು.

ಇದರ ಫಲ ಮಕ್ಕಳಿಗೆ ಒಳ್ಳೆಯದೇನೂ ಆಗಲಿಲ್ಲ. ಕತ್ತಿ ದೇಹದೊಳಗೆ ಹೋಗುವ ಕ್ಷಣವನ್ನು ಕತ್ತರಿಸಿ, ನೂರು ಜನ ಸಾಯುವ ಕತೆಯನ್ನು ಹಾಗೆಯೇ ಬಿಟ್ಟ ಚಿತ್ರ ಏಳು ವರ್ಷದ ಮಗುವಿನ ಮುಂದೆ ಬರುತ್ತದೆ. ಇಬ್ಬರು ವಯಸ್ಕರು ಒಪ್ಪಿ ಹತ್ತಿರವಾಗುವ ದೃಶ್ಯಕ್ಕೆ ಸಿಗದ ಸಲುಗೆ ನಾಯಕನ ಮಚ್ಚಿಗೆ ಸಿಗುತ್ತದೆ. ನಾಯಕಿಯ ಬೆನ್ನು ಹತ್ತಿ ಪೀಡಿಸುವುದನ್ನು ಪ್ರೀತಿ ಎಂದು ತೋರಿಸುವ ಎಷ್ಟೋ ಚಿತ್ರಗಳು ದಶಕಗಳ ಕಾಲ ತಕರಾರಿಲ್ಲದೆ ದಾಟಿಹೋದವು, ಏಕೆಂದರೆ ಅವುಗಳಲ್ಲಿ ಕತ್ತರಿಸಲು ರಕ್ತವೂ ಇರಲಿಲ್ಲ, ಬೆತ್ತಲೆಯೂ ಇರಲಿಲ್ಲ.

2016ರಲ್ಲಿ ‘ಉಡ್ತಾ ಪಂಜಾಬ್’ ಚಿತ್ರಕ್ಕೆ ಮಂಡಳಿಯ ರಿವೈಸಿಂಗ್ ಕಮಿಟಿ 13 ಬದಲಾವಣೆಗಳನ್ನು ಸೂಚಿಸಿದಾಗ ಬಾಂಬೆ ಹೈಕೋರ್ಟ್ ಒಂದೇ ಕಡಿತ ಉಳಿಸಿ ಬಿಡುಗಡೆಗೆ ಅವಕಾಶ ಕೊಟ್ಟಿತು. ಅದೇ ವರ್ಷ ಶ್ಯಾಮ್ ಬೆನಗಲ್ ಸಮಿತಿ ಮಂಡಳಿ ವರ್ಗೀಕರಣದತ್ತ ಗಮನ ಕೊಡಲಿ, ‘ಯುಎ’ಯನ್ನು 12+ ಮತ್ತು 15+ ಎಂದು ಒಡೆಯೋಣ, ತೀರಾ ತೀವ್ರವಾದ ಚಿತ್ರಗಳಿಗೆ ‘ಎಚ್ಚರಿಕೆಯೊಂದಿಗೆ ಎ’ ಎಂಬ ವರ್ಗ ತರೋಣ ಎಂದಿತು. ಎರಡು ಕೆಲಸಗಳನ್ನು ಬಿಡಿಸಿ ನೋಡುವ ದಾರಿಯಲ್ಲಿ ಅದು ದೊಡ್ಡ ಹೆಜ್ಜೆಯಾಗುತ್ತಿತ್ತು.

ಮುಂದಿನದು ವೇಗವಾಗಿ ನಡೆಯಿತು. 2021ರ ಫೆಬ್ರುವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು ಇಂಟರ್ನೆಟ್ ಮೂಲಕ ಚಿತ್ರ ತೋರಿಸುವ ಒಟಿಟಿ ವೇದಿಕೆಗಳಿಗೆ ‘ಯು’, ‘ಯು/ಎ 7+’, ‘13+’, ‘16+’, ‘ಎ’ ಎಂಬ ವರ್ಗಗಳನ್ನು ಗೊತ್ತುಮಾಡಿದವು. ಅಲ್ಲಿ ಗುರುತು ಕೊಡುವುದು ವೇದಿಕೆಯೇ. ಹಿಂಸೆಯೋ ಭಾಷೆಯೋ ಲೈಂಗಿಕತೆಯೋ ಎಂಬ ಕಾರಣವನ್ನೂ ತಿಳಿಸಬೇಕು, 13+ ಮತ್ತು ಮೇಲಿನವಕ್ಕೆ ಪಾಲಕರು ಬೀಗ ಹಾಕುವ ಸೌಲಭ್ಯ ಇರಬೇಕು. ಅದೇ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ರದ್ದಾಯಿತು. ಜೂನ್‌ನಲ್ಲಿ ಹೊರಬಂದ ಕರಡು ಮಸೂದೆಯೊಂದು, ಶಂಕರಪ್ಪ ಪ್ರಕರಣದಲ್ಲಿ ಬಿದ್ದುಹೋಗಿದ್ದ ಸರ್ಕಾರದ ಮರುಪರಿಶೀಲನೆಯ ಅಧಿಕಾರವನ್ನು ಮತ್ತೆ ತರಲು ಹೊರಟಿತ್ತು. ಚಿತ್ರರಂಗದಿಂದ ಬಲವಾದ ವಿರೋಧ ಬಂತು. 2023ರ ತಿದ್ದುಪಡಿ ಕಾಯ್ದೆ ಸಂಸತ್ತಿಗೆ ಬಂದಾಗ ಆ ಪ್ರಸ್ತಾಪ ಇರಲಿಲ್ಲ, ಹಳೆಯ ಆರನೆಯ ಸೆಕ್ಷನ್ನನ್ನೇ ಕಾಯ್ದೆಯಿಂದ ತೆಗೆಯಲಾಗಿತ್ತು. ಚಿತ್ರಮಂದಿರಕ್ಕೂ 7+, 13+, 16+ ಬಂದವು. ಪ್ರಮಾಣಪತ್ರಕ್ಕಿದ್ದ ಹತ್ತು ವರ್ಷದ ಅವಧಿ ಹೋಗಿ ಅದು ಶಾಶ್ವತವಾಯಿತು. 2024ರ ನಿಯಮಗಳು ಮಂಡಳಿಯಲ್ಲಿ ಕನಿಷ್ಠ ಮೂರನೆಯ ಒಂದರಷ್ಟು ಮಹಿಳೆಯರಿರಬೇಕು ಎಂದವು.

ಇವುಗಳಲ್ಲಿ ಬಹುಪಾಲು ಸ್ವಾಗತಾರ್ಹ. ಆದರೆ ‘ಯು/ಎ’ಯ ಅಂಕಿಗಳು ಪಾಲಕರಿಗೆ ಸಲಹೆ ಮಾತ್ರ. ಬಾಗಿಲಲ್ಲಿ ತಡೆಯುವ ಹೊಣೆ ಇರುವುದು ‘ಎ’ ಚಿತ್ರಕ್ಕೆ. ಉಲ್ಲಂಘನೆಗೆ ಕಾನೂನಿನಲ್ಲಿ ದಂಡನೆ ಇದೆ. 2023ರ ಕೊನೆಯಲ್ಲಿ ಪ್ರಶಾಂತ್ ನೀಲ್ ಅವರ ‘ಸಲಾರ್’ ಮತ್ತು ಹಿಂದಿಯ ‘ಅನಿಮಲ್’ ಎರಡೂ ‘ಎ’ ಪಡೆದು ಭಾರಿ ಗಳಿಕೆ ಮಾಡಿದವು. ‘ಎ’ ಎಂದರೆ ನಷ್ಟ ಎಂಬ ನಂಬಿಕೆ ಅಲ್ಲಿಗೆ ಸಡಿಲಾಯಿತು. ಇದರಲ್ಲಿ ಒಳ್ಳೆಯದೂ ಇದೆ, ವಯಸ್ಕರಿಗೆಂದೇ ಮಾಡಿದ ಚಿತ್ರ ಮುಖ ಮುಚ್ಚಿಕೊಳ್ಳಬೇಕಿಲ್ಲ. ಅಷ್ಟೇ ಗಟ್ಟಿಯಾಗಿ ಟಿಕೆಟ್ ನೋಡುವವರು ವಯಸ್ಸನ್ನೂ ನೋಡಬೇಕು. ಮಕ್ಕಳನ್ನು ಕೈಹಿಡಿದು ಇಂಥ ಚಿತ್ರಕ್ಕೆ ಕರೆತರುವವರು ಬಹುಮಟ್ಟಿಗೆ ತಂದೆತಾಯಿಯರೇ ಎಂಬ ಕಾರಣಕ್ಕೆ ಈ ಹೊಣೆ ಹಗುರವಾಗುವುದಿಲ್ಲ.

ವಯಸ್ಕರಿಗೆ ಮಾತ್ರ ಎಂದು ಬರೆದ ಚಿತ್ರವನ್ನೂ ಕತ್ತರಿಸುವ ಅಧಿಕಾರ 1952ರಲ್ಲಿದ್ದಂತೆಯೇ ಇದೆ. ಅದನ್ನು ಪ್ರಶ್ನಿಸುವ ದಾರಿ ಮಾತ್ರ ಬದಲಾಗಿದೆ. ಮೊದಲು ಚಿತ್ರರಂಗವನ್ನು ಬಲ್ಲವರೂ ಇದ್ದ ನ್ಯಾಯಮಂಡಳಿ ಚಿತ್ರವನ್ನು ಕೂತು ನೋಡಿ ತೀರ್ಮಾನಿಸುತ್ತಿತ್ತು, ಈಗ ಹೈಕೋರ್ಟಿಗೇ ಹೋಗಬೇಕು. ದೊಡ್ಡ ಸಂಸ್ಥೆಗಳು ವಕೀಲರನ್ನಿಟ್ಟು ಹೋಗಬಲ್ಲವು. ಒಂದೆರಡು ಕೋಟಿಯಲ್ಲಿ ಚಿತ್ರ ಮುಗಿಸಿ, ಚಿತ್ರಮಂದಿರಗಳನ್ನು ಹೊಂದಿಸಿ, ಬಿಡುಗಡೆಯ ದಿನ ಘೋಷಿಸಿರುವ ಕನ್ನಡದ ನಿರ್ಮಾಪಕನಿಗೆ ಅಷ್ಟು ಸಮಯವಾಗಲಿ ಹಣವಾಗಲಿ ಇರುವುದಿಲ್ಲ. ಆತ ಮಂಡಳಿ ಹೇಳಿದ ಕಡೆ ಕಡಿತಕ್ಕೆ ಒಪ್ಪಿ ಸಹಿ ಹಾಕುತ್ತಾನೆ. ಅಂಥ ಕಡಿತ ಸರಿಯಿತ್ತೋ ಇಲ್ಲವೋ ಎಂಬುದು ಯಾವ ನ್ಯಾಯಾಲಯದ ಮುಂದೆಯೂ ಬರುವುದಿಲ್ಲ.