ಉಕ್ಕಿನ ಮಸೂದೆ, 1924: ಹಣ ಯಾರದು, ಸಿಕ್ಕಿದ್ದು ಯಾರಿಗೆ?

ನಮ್ಮ ಉದ್ಯಮಗಳಿಗೆ ಸರ್ಕಾರ ನೆರವು ಕೊಡಬೇಕೇ ಎಂಬ ಚರ್ಚೆ ಓದುವಾಗ ನನಗೆ ಯಾವಾಗಲೂ ಒಂದು ತೊಂದರೆ. ಎರಡೂ ಕಡೆಯವರು ಹೇಳುವುದು ಸರಿ ಅನ್ನಿಸುತ್ತದೆ. ಒಂದೇ ಒಂದು ಮಸೂದೆಯನ್ನು ಹಿಡಿದು ಕೂತು ಓದಿದ ಮೇಲೆ ಸ್ವಲ್ಪ ದಾರಿ ಕಂಡಿತು. ಅದು 1924ರ ಉಕ್ಕು ಉದ್ಯಮ ಸಂರಕ್ಷಣಾ ಮಸೂದೆ.

ಆಗ ದೆಹಲಿಯಲ್ಲಿ ಇದ್ದದ್ದು ಕೇಂದ್ರ ಶಾಸನ ಸಭೆ. ಚುನಾಯಿತ ಸದಸ್ಯರೇ ಹೆಚ್ಚು, ಆದರೆ ಸರ್ಕಾರ ಮಾತ್ರ ಬ್ರಿಟಿಷರದ್ದು. ಸಭೆ ಬೇಡ ಅಂದರೂ ಸರ್ಕಾರ ಬೀಳುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಟಾಟಾ ಉಕ್ಕಿನ ಕಂಪನಿ ಶುರುವಾಗಿದ್ದು 1907ರಲ್ಲಿ, ಉಕ್ಕು ಬಂದಿದ್ದು 1912ರಲ್ಲಿ. ಮೊದಲ ಮಹಾಯುದ್ಧದಲ್ಲಿ ಇಲ್ಲಿನ ಹಳಿಗಳು ಮೆಸೊಪೊಟೇಮಿಯಾದವರೆಗೆ (ಈಗಿನ ಇರಾಕ್) ಹೋದವು. ಆ ಧೈರ್ಯದಲ್ಲಿ ಕಂಪನಿ ಸಾಲ ಮಾಡಿ ಕಾರ್ಖಾನೆ ದೊಡ್ಡದು ಮಾಡಿತು. ಅಷ್ಟರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಯುರೋಪಿನಿಂದ ಅಗ್ಗದ ಉಕ್ಕು ಬಂದು ಬಿತ್ತು. ಕಂಪನಿ ಮುಳುಗುವ ಸ್ಥಿತಿ.

ಇದೇ ಹೊತ್ತಿಗೆ ಇಬ್ರಾಹಿಂ ರಹೀಮ್‌ತೂಲ ಅಧ್ಯಕ್ಷತೆಯ ವಿತ್ತೀಯ ಆಯೋಗ (ಫಿಸ್ಕಲ್ ಕಮಿಷನ್) 1922ರಲ್ಲಿ ವರದಿ ಕೊಟ್ಟಿತ್ತು. ಕೇಳಿದ ಎಲ್ಲರಿಗೂ ಹೊರಗಿನ ಅಗ್ಗದ ಮಾಲಿನಿಂದ ರಕ್ಷಣೆ ಬೇಡ, ಮೂರು ಪರೀಕ್ಷೆ ಪಾಸಾದವರಿಗೆ ಮಾತ್ರ ಎಂಬುದು ಅದರ ಸಾರ. ಪುಸ್ತಕಗಳಲ್ಲಿ ಇದಕ್ಕೆ ವಿವೇಚನಾತ್ಮಕ ಸಂರಕ್ಷಣೆ ಅನ್ನುತ್ತಾರೆ. ಕಚ್ಚಾ ಮಾಲು, ಕೂಲಿಯಾಳು, ದೊಡ್ಡ ಮಾರುಕಟ್ಟೆ ದೇಶದೊಳಗೇ ಇರಬೇಕು. ನೆರವಿಲ್ಲದೆ ಉದ್ಯಮ ಬೆಳೆಯುವುದಿಲ್ಲ, ಅಥವಾ ಬೇಕಾದಷ್ಟು ಬೇಗ ಬೆಳೆಯುವುದಿಲ್ಲ ಎಂದಿರಬೇಕು. ಕೊನೆಗೊಂದು ದಿನ ನೆರವಿಲ್ಲದೆ ನಿಲ್ಲುವ ಶಕ್ತಿ ಬರಬೇಕು. ಮೊದಲ ಪರೀಕ್ಷೆ ಬರೀ ಕಾಗದದ ಮೇಲಿನದಲ್ಲ. ಗಾಜಿನ ಉದ್ಯಮ ಅಲ್ಲೇ ಬಿತ್ತು. ಗಾಜು ಮಾಡಲು ಬೇಕಾದ ಸೋಡಾ ಬೂದಿ ಹೊರಗಿಂದ ಬರುತ್ತದೆ ಎಂಬ ಕಾರಣಕ್ಕೆ ಸರ್ಕಾರ ಅದಕ್ಕೆ ರಕ್ಷಣೆ ಕೊಡಲಿಲ್ಲ. ಉಕ್ಕು ಪಾಸಾಯಿತು. 1924ರ ಜೂನ್‌ನಲ್ಲಿ ಕಾನೂನು ಬಂತು.

ಈಗ ಮುಖ್ಯ ವಿಷಯ. ಈ ಕಾನೂನು ಎರಡು ಬಗೆಯ ನೆರವು ಕೊಟ್ಟಿತು: ಆಮದು ಸುಂಕ ಮತ್ತು ಬೌಂಟಿ. ಬೌಂಟಿ ಅಂದರೆ ತಯಾರಿಸಿದ ಪ್ರತಿ ಟನ್ನಿಗೆ ಇಷ್ಟು ಅಂತ ಖಜಾನೆಯಿಂದ ಕೊಡುವ ಹಣ. ಓದುವವರಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಸುಮ್ನೆ ಒಂದು ಕಾಲ್ಪನಿಕ ಲೆಕ್ಕ ಮಾಡೋಣ.

ಹೊರಗಿನ ಉಕ್ಕು ಟನ್ನಿಗೆ 100 ರೂಪಾಯಿ. ನಮ್ಮ ಕಾರ್ಖಾನೆಗೆ ತಗಲುವ ಖರ್ಚು 130. ದೇಶಕ್ಕೆ ಬೇಕಾದದ್ದು 100 ಟನ್, ಅದರಲ್ಲಿ ನಮ್ಮದು 40, ಆಮದು 60. ಸುಂಕ 30 ಹಾಕಿದರೆ ಎಲ್ಲ ಉಕ್ಕಿನ ಬೆಲೆಯೂ 130 ಆಗುತ್ತದೆ. ಕೊಳ್ಳುವವರು 3,000 ರೂಪಾಯಿ ಹೆಚ್ಚು ಕೊಡುತ್ತಾರೆ. ಅದರಲ್ಲಿ 1,800 ಖಜಾನೆಗೆ, 1,200 ಕಾರ್ಖಾನೆಗೆ. ಅದೇ 30 ರೂಪಾಯಿಯನ್ನು ಬೌಂಟಿಯಾಗಿ ಕೊಟ್ಟರೆ? ಬೆಲೆ 100ರಲ್ಲೇ ನಿಲ್ಲುತ್ತದೆ. ಖಜಾನೆಯಿಂದ 1,200 ಹೋಗುತ್ತದೆ. ಕಾರ್ಖಾನೆಗೆ ಸಿಗುವುದು ಎರಡರಲ್ಲೂ ಒಂದೇ!

ಹಾಗಾದರೆ ಸರ್ಕಾರಗಳು ಸುಂಕವನ್ನೇ ಯಾಕೆ ಇಷ್ಟಪಡುತ್ತವೆ? ಸುಂಕ ಖಜಾನೆ ತುಂಬಿಸುತ್ತದೆ, ಬೌಂಟಿ ಖಾಲಿ ಮಾಡುತ್ತದೆ. ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಸುಂಕದ ಭಾರ ಬೆಲೆಯೊಳಗೆ ಅಡಗಿ ಕೂರುತ್ತದೆ. ಬೌಂಟಿ ಹಾಗಲ್ಲ, ಖರ್ಚಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಸಭೆಯಲ್ಲಿ ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ.

ಹಾಗಿದ್ದರೂ ಹಳಿಗಳಿಗೆ ಬೌಂಟಿಯೇ ಬೇಕಾಯಿತು. ಯಾಕೆಂದರೆ ರೈಲ್ವೆಗಳ ಜೊತೆ ಕಂಪನಿ ಮೊದಲೇ ಕಡಿಮೆ ಬೆಲೆಗೆ ಒಪ್ಪಂದ ಮಾಡಿಕೊಂಡಿತ್ತು. ಮಾರುಕಟ್ಟೆಯಲ್ಲಿ ಬೆಲೆ ಏರಿದರೂ ಅದಕ್ಕೆ ಒಂದು ಕಾಸೂ ಹೆಚ್ಚು ಸಿಗುತ್ತಿರಲಿಲ್ಲ.

ಕೊಟ್ಟ ನೆರವು ಸಾಲಲಿಲ್ಲ. ಹೊರಗಿನ ಬೆಲೆ ಇನ್ನೂ ಇಳಿಯಿತು, ಕೆಲವೇ ತಿಂಗಳಲ್ಲಿ ಹೆಚ್ಚುವರಿ ಬೌಂಟಿ ಕೊಡಬೇಕಾಗಿ ಬಂತು. 1927ರಲ್ಲಿ ಹೊಸ ಕಾನೂನು ಬಂದು ಬೌಂಟಿ ಹೋಯಿತು, ಸುಂಕ ಉಳಿಯಿತು. ಆದರೆ ಬ್ರಿಟಿಷ್ ಉಕ್ಕಿಗೆ ಕಡಿಮೆ, ಉಳಿದ ದೇಶಗಳದ್ದಕ್ಕೆ ಜಾಸ್ತಿ. ಮೊದಲು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಸರ್ಕಾರ ಯಾರದು ಅಂತ? ಅದು ಇಲ್ಲಿ ಬೇಕಾಗುತ್ತದೆ. ರಕ್ಷಣೆ ನಮ್ಮ ಉದ್ಯಮಕ್ಕೆ ಅಂತ ಹೇಳಿ ಬ್ರಿಟನ್ನಿನ ಉಕ್ಕಿನ ಊರು ಶೆಫೀಲ್ಡ್ ಕಡೆಗೂ ಒಂದು ಬಾಗಿಲು ತೆರೆದಿಟ್ಟಂತಾಯಿತು ಎಂಬ ಅಸಮಾಧಾನ ಸಹಜವೇ ಅಲ್ವಾ?

ಕೆಲಸಗಾರರ ಕಥೆ ಏನು? ಸಭೆಯಲ್ಲಿ ಕಾರ್ಮಿಕರ ಪ್ರತಿನಿಧಿಯಾಗಿ ಎನ್. ಎಂ. ಜೋಶಿ ಇದ್ದರು. ಸ್ವರಾಜ್ ಪಕ್ಷದ ಚಮನ್ ಲಾಲ್ ಕೂಡ ಕಾರ್ಮಿಕರ ಪರ ಮಾತಾಡುವವರು. ಅವರ ಕಡೆಯಿಂದ ಬಂದ ಪ್ರಶ್ನೆಯನ್ನು ನನ್ನ ಮಾತಲ್ಲಿ ಹೇಳುವುದಾದರೆ ಹೀಗೆ: ಭಾರ ಜನರ ಮೇಲೆ, ಲಾಭ ಷೇರುದಾರರಿಗೆ, ಕುಲುಮೆ ಮುಂದೆ ನಿಂತವನಿಗೆ ಏನು? ಕಾನೂನಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕೂಲಿಯ ಬಗ್ಗೆ ಷರತ್ತೇ ಇಲ್ಲ. 1928ರಲ್ಲಿ ಟಾಟಾ ಕಾರ್ಖಾನೆ ಇದ್ದ ಜಮ್‌ಶೆಡ್‌ಪುರದಲ್ಲಿ ತಿಂಗಳುಗಟ್ಟಲೆ ಮುಷ್ಕರ ನಡೆಯಿತು.

ಸಕ್ಕರೆಯ ಜೊತೆ ಹೋಲಿಸಿ ನೋಡಿ. 1932ರಲ್ಲಿ ಸಕ್ಕರೆಗೆ ರಕ್ಷಣೆ ಸಿಕ್ಕಿತು. ಸುಮಾರು 30 ಇದ್ದ ಕಾರ್ಖಾನೆಗಳು ನಾಲ್ಕೈದು ವರ್ಷಗಳಲ್ಲಿ 130 ದಾಟಿದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದೂ ಇದೇ ಕಾಲದಲ್ಲಿ, 1933ರಲ್ಲಿ. ಆದರೆ 1934ರಲ್ಲೇ ಕಬ್ಬಿಗೆ ಕನಿಷ್ಠ ಬೆಲೆ ನಿಗದಿ ಮಾಡಲು ಪ್ರಾಂತ್ಯಗಳಿಗೆ ಅಧಿಕಾರ ಕೊಡುವ ಕಾನೂನು ಬಂತು. ಅಂದರೆ ಕಾರ್ಖಾನೆಗೆ ಸಿಕ್ಕಿದ್ದರಲ್ಲಿ ರೈತನಿಗೂ ಪಾಲು ಇರಲಿ ಅಂತ. ಉಕ್ಕಿನಲ್ಲಿ ಆಗದ್ದು ಇಲ್ಲಿ ಸ್ವಲ್ಪವಾದರೂ ಆಯಿತು.

ಮೂರನೇ ಪರೀಕ್ಷೆ ನೆನಪಿದೆಯಾ, ನೆರವಿಲ್ಲದೆ ನಿಲ್ಲುವುದು? 1924ರ ಕಾನೂನಿನ ಅವಧಿ ಮೂರು ವರ್ಷ, 1927ರ ಮಾರ್ಚ್‌ವರೆಗೆ. ಉಕ್ಕಿನ ರಕ್ಷಣೆ ನಿಜವಾಗಿ ನಿಂತಿದ್ದು 1947ರಲ್ಲಿ.

ಇವತ್ತಿನ ಸಂಸತ್ತಿಗೆ ಬಂದರೆ, 2020ರಲ್ಲಿ ಶುರುವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ ಹಳೇ ಬೌಂಟಿಯ ಮೊಮ್ಮಗ. 14 ವಲಯಗಳು, ಸುಮಾರು 1.97 ಲಕ್ಷ ಕೋಟಿ ರೂಪಾಯಿ. ಇಲ್ಲೂ ಲೆಕ್ಕ ಹಿಡಿಯುವುದು ಮುಖ್ಯವಾಗಿ ಮಾರಾಟವನ್ನು, ಆಳುಗಳನ್ನಲ್ಲ. ಯಂತ್ರ ಹೆಚ್ಚಿಸಿ ಜನರನ್ನು ಹೆಚ್ಚಿಸದೆಯೂ ಹಣ ಪಡೆಯಬಹುದು. 2025ರ ಆಗಸ್ಟ್‌ನಿಂದ ಜಾರಿಯಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಬೇರೆ ಅಳತೆ ಹಿಡಿದಿದೆ. ಹೊಸದಾಗಿ ಸೇರಿಸಿಕೊಂಡ ಪ್ರತಿ ಕೆಲಸಗಾರನ ಲೆಕ್ಕದಲ್ಲಿ ಮಾಲೀಕರಿಗೆ ತಿಂಗಳಿಗೆ 3,000 ರೂಪಾಯಿವರೆಗೆ ಸಿಗುತ್ತದೆ. ಆದರೆ ಆತ ಕಡೇ ಪಕ್ಷ ಆರು ತಿಂಗಳು ಕೆಲಸದಲ್ಲಿ ಉಳಿದಿರಬೇಕು. ಟನ್ನಿನ ಲೆಕ್ಕ ಹೋಗಿ ತಲೆಯ ಲೆಕ್ಕ ಬಂತು. ಜೋಶಿ ಇದ್ದಿದ್ದರೆ ಮುಂದಿನ ಪ್ರಶ್ನೆ ಕೇಳುತ್ತಿದ್ದರೇನೋ: ಆರು ತಿಂಗಳು ಸರಿ, ಕೂಲಿ ಎಷ್ಟು?