ಗೇಟಿಗೆ ರಾಡ್ ಸಾಕು, ರೇಲಿಂಗಿಗೆ ಆರ್ಗಾನ್ ಬೇಕು

ಮನೆಗೆ ಗೇಟು, ರೇಲಿಂಗು ಮಾಡಿಸಲು ಬರುವವರಲ್ಲಿ ಹಲವರು ಈಗ ‘ಎಲ್ಲವನ್ನೂ ಆರ್ಗಾನ್ ವೆಲ್ಡಿಂಗ್‌ನಲ್ಲೇ ಮಾಡಿಕೊಡಿ’ ಎಂದು ಕೇಳುತ್ತಾರೆ. ದುಬಾರಿ ವಿಧಾನವೇ ಗಟ್ಟಿ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ವಿಧಾನವನ್ನು ನಿರ್ಧರಿಸಬೇಕಾದದ್ದು ಲೋಹ ಯಾವುದು, ಅದರ ದಪ್ಪವೆಷ್ಟು, ಕೆಲಸ ಶೆಡ್ಡಿನೊಳಗೋ ಬಯಲಿನಲ್ಲೋ ಎಂಬುದನ್ನು ನೋಡಿ.

ಎಂ.ಎಸ್., ಅಂದರೆ ಮಾಮೂಲಿ ಉಕ್ಕಿನ (ಮೈಲ್ಡ್ ಸ್ಟೀಲ್) ಗೇಟನ್ನು ಸೈಟಿನಲ್ಲೇ ಕೂರಿಸುವುದಾದರೆ ರಾಡ್ ಬಳಸುವ ಮಾಮೂಲಿ ಆರ್ಕ್ ವೆಲ್ಡಿಂಗೇ ಸೂಕ್ತ. ರಾಡಿನ ಲೇಪನವೇ ಉರಿದು ಅನಿಲದ ಹೊದಿಕೆಯನ್ನೂ ಬೆಸುಗೆಯ ಮೇಲೆ ಕೂರುವ ಸ್ಲ್ಯಾಗ್ ಪದರವನ್ನೂ ಒದಗಿಸುವುದರಿಂದ, ಸ್ವಲ್ಪ ಗಾಳಿಯಿದ್ದರೂ ಬೆಸುಗೆ ಕೆಡುವುದಿಲ್ಲ. ರಾಡಿನ ಬದಲು ಯಂತ್ರವೇ ತಂತಿ ಒದಗಿಸುವ, ಸಿಲಿಂಡರಿನ ಅನಿಲವನ್ನು ನೆಚ್ಚಿದ ಮಿಗ್ ವೆಲ್ಡಿಂಗ್ ಶೆಡ್ಡಿನಲ್ಲಿ ಬಹಳ ವೇಗದ್ದು. ಬಯಲಿನಲ್ಲಿ ಗಾಳಿ ಅನಿಲವನ್ನು ಹಾರಿಸಿಕೊಂಡು ಹೋದರೆ ಬೆಸುಗೆಯ ತುಂಬ ಸಣ್ಣ ರಂಧ್ರಗಳು ಉಳಿಯುತ್ತವೆ.

ಗೇಟಿನಲ್ಲಿ ಕೈಚಳಕ ಬೇಕಾಗುವುದು ಕೀಲಿನ ಜಾಗದಲ್ಲಿ. 6 ಮಿ.ಮೀ. ಪಟ್ಟಿಯನ್ನು 1.6 ಮಿ.ಮೀ. ಚೌಕ ಪೈಪಿಗೆ ಕೂಡಿಸುವಾಗ ಕರೆಂಟ್ ಹೆಚ್ಚಾದರೆ ಪೈಪು ತೂತಾಗುತ್ತದೆ, ಕಡಿಮೆಯಾದರೆ ಬೆಸುಗೆ ಪಟ್ಟಿಯೊಳಗೆ ಇಳಿಯದೆ ಮೇಲೆಯೇ ಕೂರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಬಣ್ಣ ಬಳಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. 2.5 ಮಿ.ಮೀ. ರಾಡನ್ನು 70–80 ಆಂಪಿಯರ್ ಆಸುಪಾಸಿನಲ್ಲಿಟ್ಟು, ಆರ್ಕನ್ನು (ರಾಡಿನ ತುದಿಯ ವಿದ್ಯುತ್ ಕಿಡಿಯನ್ನು) ದಪ್ಪ ಪಟ್ಟಿಯತ್ತ ವಾಲಿಸಿ, ಅಲ್ಲಿ ಕರಗಿದ ಲೋಹವನ್ನು ಪೈಪಿನ ಅಂಚಿಗೆ ತಾಗಿಸುತ್ತ ತುಂಡು ತುಂಡಾಗಿ ಬೆಸೆಯುವುದು ಸರಿಯಾದ ಕ್ರಮ.

304 ಗ್ರೇಡಿನ ತೆಳು ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಪೈಪಿನ ರೇಲಿಂಗಿಗೆ ಮಾತ್ರ ಆರ್ಗಾನ್, ಅಂದರೆ ಟಿಗ್, ಕೊಟ್ಟ ಹಣಕ್ಕೆ ಮೋಸವಿಲ್ಲದ ವಿಧಾನ. ಆರ್ಗಾನ್ ಅನಿಲದ ಹೊದಿಕೆಯೊಳಗೆ ಟಂಗ್‌ಸ್ಟನ್ ಕಡ್ಡಿ ಕರಗದೆ ಶಾಖವನ್ನಷ್ಟೇ ಕೊಡುತ್ತದೆ, ಫಿಲ್ಲರನ್ನು, ಅಂದರೆ ಬೆಸುಗೆಗೆ ತುಂಬುವ ಲೋಹದ ಕಡ್ಡಿಯನ್ನು, ಬೇಕಾದಾಗ ಬೇಕಾದಷ್ಟೇ ಸೇರಿಸಬಹುದು. 304ಕ್ಕೆ 308ಎಲ್ ಫಿಲ್ಲರ್ ಹೊಂದುತ್ತದೆ. ಅದೇ ಪೈಪನ್ನು ಎಂ.ಎಸ್. ಬೇಸ್ ಪ್ಲೇಟಿಗೆ ಕೂಡಿಸುವಲ್ಲಿ 309ಎಲ್ ಬೇಕು. ಎಂ.ಎಸ್. ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಎಸ್.ಎಸ್.ಗೂ ಬಳಸಿದರೆ ಕಬ್ಬಿಣದ ಕಣಗಳು ಮೇಲ್ಮೈಗೆ ಅಂಟಿಕೊಂಡು ಮೊದಲ ಮಳೆಗಾಲದಲ್ಲೇ ತುಕ್ಕಿನ ಚುಕ್ಕೆಗಳು ಕಾಣಿಸುತ್ತವೆ, ಬೈಗುಳ ಮಾತ್ರ ಸ್ಟೀಲ್ ಮಾರಿದವನಿಗೆ.

ಜಿ.ಐ. (ಸತು ಲೇಪಿಸಿದ ಉಕ್ಕು) ಪೈಪನ್ನು ಯಾವ ವಿಧಾನದಲ್ಲಿ ಬೆಸೆದರೂ ಜೋಡಣೆಯ ಸುತ್ತಲಿನ ಸತುವಿನ ಲೇಪನವನ್ನು ಮೊದಲು ಉಜ್ಜಿ ತೆಗೆಯಬೇಕು. ಸತು ಸುಮಾರು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಆವಿಯಾಗುತ್ತದೆ, ಉಕ್ಕು ಕರಗಲು ಅದಕ್ಕಿಂತ ಬಹಳ ಹೆಚ್ಚು ಶಾಖ ಬೇಕು. ಹೀಗೆ ಆವಿಯಾದ ಸತುವಿನ ಬಿಳಿ ಹೊಗೆ ಬೆಸುಗೆಯಲ್ಲಿ ರಂಧ್ರ ಮಾಡುವುದಲ್ಲದೆ, ಉಸಿರಾಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರವನ್ನೂ ತರಬಲ್ಲದು. ಬೆಸೆದ ಮೇಲೆ ಬರಿದಾದ ಜಾಗಕ್ಕೆ ಜಿಂಕ್ ಪ್ರೈಮರ್ ಬಳಿಯದಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.